ಸಕ್ಕರೆ ಡಬ್ಬಿಯಲ್ಲಿ ಸಿಕ್ಕ ಕನ್ನಡಕ

ಮಂಗಳವಾರ, ಮಧ್ಯಾಹ್ನ

ಪುಟ್ಟಿಗೆ ಅಮ್ಮನ ಆಶೀರ್ವಾದ.

ಈ ಆಶೀರ್ವಾದ ಎಂಬ ಮಾತನ್ನು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಬರೆದೆ. ಹೆತ್ತವಳ ಕೈಗೆ ಬೇರೇನೂ ಬರೆದು ಅಭ್ಯಾಸವಿಲ್ಲ. ಆದರೆ ಪತ್ರದಲ್ಲಿ ಸಿಹಿ ಇರುವುದು ಆ ಒಂದು ಸಾಲಿನಲ್ಲಿ ಮಾತ್ರ, ಮುಂದೆ ಹುಡುಕಬೇಡ. ಎರಡು ಭಾನುವಾರ ನೀನು ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದರೆ ಬೈಯುತ್ತೇನೆ, ಬೈದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಕರಗಿ ನೀರಾಗುತ್ತೇನೆ. ಕಾಗದಕ್ಕೆ ನಿನ್ನ ಅಳು ಕೇಳಿಸುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನನ್ನ ಪಿಂಚಣಿ ನಿಂತು ಎರಡು ತಿಂಗಳಾಯಿತು. ಮೊದಲ ತಿಂಗಳು ಬ್ಯಾಂಕಿನವರ ತಪ್ಪಿರಬೇಕು ಎಂದುಕೊಂಡು ಸುಮ್ಮನಿದ್ದೆ. ಬಾಡಿಗೆಯನ್ನು ನರ್ಸಮ್ಮನೇ ತನ್ನ ಪಿಂಚಣಿಯಿಂದ ಪೂರ್ತಿ ಕಟ್ಟಿದಳು. ನರ್ಸಮ್ಮ ಯಾರು, ಅವಳ ಜೊತೆ ನಿಮ್ಮಮ್ಮನಿಗೇನು ಕೆಲಸ ಎಂದು ನಿನ್ನ ಗಂಡ ಈಗಲೂ ಕೇಳುತ್ತಾನಂತೆ. ಹೇಳು ಅವನಿಗೆ: ಸರ್ಕಾರಿ ಆಸ್ಪತ್ರೆ ಸ್ಟಾಪಿನಲ್ಲಿ ಹತ್ತಿ ಇಳಿಯುತ್ತ ನನ್ನ ಬಸ್ಸಿನಲ್ಲೇ ಅರ್ಧ ಆಯಸ್ಸು ಕಳೆದವಳು, ಕಂಡಕ್ಟರ್ ಕೆಲಸದಿಂದ ನಾನು ನಿವೃತ್ತಿಯಾದ ವಾರವೇ ಬಂದು, ಬಾಡಿಗೆ ಅಗ್ಗದ ದೇಶವೊಂದಿದೆ, ಕಿಟಕಿಯಲ್ಲಿ ಸಮುದ್ರ ಕಾಣುತ್ತದೆ, ಇಬ್ಬರ ಪಿಂಚಣಿಯಲ್ಲಿ ರಾಣಿಯರ ಹಾಗೆ ಇರೋಣ ಬಾರೇ ಎಂದು ನನ್ನನ್ನು ಹೊರಡಿಸಿದವಳು. ರಾಣಿಯರೇನೂ ಅಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಬೆಳಗಾದರೆ ಕೆಳಗಿನಿಂದ ಗಾಳಿ ತುಂಬುವ ಪಂಪಿನ ಬುಸ್ ಬುಸ್. ಸಮುದ್ರ ಕಾಣಬೇಕಾದರೆ ಕಿಟಕಿಯಲ್ಲಿ ಕುತ್ತಿಗೆ ಓರೆ ಮಾಡಬೇಕು. ಆದರೂ ಪುಟ್ಟಿ, ಹುಟ್ಟಿದ ಮೇಲೆ ಮೊದಲ ಸಲ ನಾನು ಕಿಟಕಿ ಪಕ್ಕ ಕೂತಿದ್ದೇನೆ. ಅಲ್ಲಿಯವರೆಗೆ ನಿಂತೇ ಇದ್ದವಳು.

ಎರಡನೇ ತಿಂಗಳೂ ಬರದಿದ್ದಾಗ ನಮ್ಮ ದೇಶದ ರಾಯಭಾರ ಕಚೇರಿಗೆ ಹೋದೆ. ವರ್ಷಕ್ಕೊಮ್ಮೆ ಹೇಗೂ ಅಲ್ಲಿಗೆ ಹೋಗಿ, ನಾನಿನ್ನೂ ಬದುಕಿದ್ದೇನೆ ಸ್ವಾಮಿ ಎಂದು ಮುಖ ತೋರಿಸಿ ಬರುತ್ತೇನಲ್ಲ, ಆ ಕೌಂಟರೇ. ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳು, ಲೋಟವಿಲ್ಲದ ನೀರಿನ ಕ್ಯಾನು, ಗಾಜಿನಲ್ಲಿ ಒಂದು ತೂತು. ತೂತಿನ ಆಚೆ ನಮ್ಮ ಭಾಷೆಯವರೇ ಒಬ್ಬ ಅಧಿಕಾರಿ, ನಿವೃತ್ತಿಗೆ ಹತ್ತಿರವಾದವರು, ಬಾಯಲ್ಲಿ ಸದಾ ಕೆಮ್ಮಿನ ಗುಳಿಗೆ. ಹೋದ ವರ್ಷ ಇದೇ ಮನುಷ್ಯ, ನಿಮ್ಮನ್ನು ನೋಡಿದರೆ ಇನ್ನೂ ಮೂವತ್ತು ವರ್ಷ ಸರ್ಕಾರಕ್ಕೆ ಖರ್ಚಿದೆ ಬಿಡಿ ಎಂದು ನಗಿಸಿದ್ದರು. ಈ ಸಲ ನಗಲಿಲ್ಲ. ನನ್ನನ್ನು ಒಳಗೆ ಕರೆದು ಕೂರಿಸಿ ಬಾಗಿಲು ಮುಂದೆ ಮಾಡಿದರು. ಮಗುವನ್ನು ಮಾತಾಡಿಸುವ ದನಿಯಲ್ಲಿ, ಅಮ್ಮಾ ಇವತ್ತು ಯಾವ ವಾರ ಹೇಳ್ತೀರಾ ಅಂದರು. ಹೇಳಿದೆ. ಇದು ಯಾವ ಊರು ಅಂದರು. ಹೇಳಿದೆ. ನಾನೇನು ಶಾಲೆಗೆ ಸೇರಲು ಬಂದಿದ್ದೇನೆಯೇ ಎಂದೂ ಕೇಳಿದೆ. ಅವರು ಕಂಪ್ಯೂಟರಿನ ಕಡೆ ನೋಡುತ್ತ, ನಿಮ್ಮ ಕನ್ನಡಕ ಕಳೆದು ಹೋಗಿ ದಿನವೆಲ್ಲ ಹುಡುಕಿದ್ರಂತೆ, ಕೊನೆಗೆ ಸಕ್ಕರೆ ಡಬ್ಬೀಲಿ ಸಿಕ್ತಂತೆ, ಅದೇನಾದ್ರೂ ನೆನಪಿದ್ಯಾ ಅಂದರು.

ಪುಟ್ಟಿ, ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಯೇ ಇಲ್ಲ. ನರ್ಸಮ್ಮನಿಗೆ ಸಕ್ಕರೆ ಕಾಯಿಲೆ, ನಾನೂ ಅವಳ ಜೊತೆ ಬಿಟ್ಟಿದ್ದೇನೆ. ಕನ್ನಡಕ ಎಂದೂ ಕಳೆದಿಲ್ಲ, ನನ್ನ ಕುತ್ತಿಗೆಯ ದಾರದಲ್ಲೇ ಇರುತ್ತದೆ. ಆ ಭಾನುವಾರ ನೀನು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಆಫೀಸಿನಲ್ಲಿ ನಿನಗೆ ಬರಬೇಕಿದ್ದ ಬಡ್ತಿ ಇನ್ನೊಬ್ಬಳಿಗೆ ಹೋಗಿತ್ತು, ಮನೆಯಲ್ಲಿ ಗಂಡ ಮಾತು ಬಿಟ್ಟಿದ್ದ. ಇಷ್ಟು ದೂರದಿಂದ ನಾನೇನು ಮಾಡಲಿ? ತಲೆ ಸವರಲು ಕೈ ಎಟುಕುವುದಿಲ್ಲ. ಬಾಯಿಗೆ ಬಂದ ಕಥೆ ಕಟ್ಟಿದೆ. ನಿಮ್ಮಮ್ಮ ಎಂಥಾ ಪೆದ್ದಿ ಗೊತ್ತೇನೇ ಎಂದು ಶುರು ಮಾಡಿ, ಸಕ್ಕರೆ ಮೆತ್ತಿದ ಕನ್ನಡಕ ಹಾಕಿಕೊಂಡು ಬೀದಿಗೆ ಹೋದೆ, ಇರುವೆಗಳೆಲ್ಲ ಹಿಂದೆ ಬಂದವು ಎಂದೆ. ನೀನು ನಕ್ಕೆ. ಮೂಗು ಸುರಿಸಿಕೊಂಡೇ ನಕ್ಕೆ. ಅವತ್ತು ನನಗೆ ನೆಮ್ಮದಿಯಿಂದ ನಿದ್ದೆ ಬಂತು. ಇಡೀ ಜಗತ್ತಿನಲ್ಲಿ ಆ ಕಥೆ ಗೊತ್ತಿದ್ದದ್ದು ನಿನಗೊಬ್ಬಳಿಗೆ, ಯಾಕೆಂದರೆ ಅದು ನಡೆದೇ ಇಲ್ಲ.

ಹಾಗಾಗಿ ಇದನ್ನೆಲ್ಲ ಬರೆದು ಕೊಟ್ಟವರು ಯಾರೆಂದು ಅಧಿಕಾರಿ ಹೇಳುವ ಮೊದಲೇ ನನಗೆ ತಿಳಿಯಿತು. ಅವರು ಮುಂದುವರಿಸಿದರು. ಬಸ್ಸಿನಲ್ಲಿ ಮೈಮರೆತು ಕೊನೇ ಡಿಪೋವರೆಗೆ ಹೋಗಿಬಿಟ್ಟಿದ್ರಂತೆ, ಮನೆ ದಾರಿ ಗೊತ್ತಾಗಲಿಲ್ಲವಂತೆ. ಅದು ನಿಜ, ಡಿಪೋಗೆ ಹೋಗಿದ್ದೆ. ಬೇಕೆಂದೇ ಹೋಗಿದ್ದೆ. ಡೀಸೆಲ್ ವಾಸನೆ ಇಲ್ಲದೆ ನನಗೆ ಕೆಲವು ದಿನ ಉಸಿರು ಕಟ್ಟುತ್ತದೆ, ಹೋಗಿ ಅಲ್ಲಿಯ ಡ್ರೈವರುಗಳ ಜೊತೆ ಬೆಂಚಿನ ಮೇಲೆ ಕೂತು ಟೀ ಕುಡಿದು ಬಂದೆ. ಹಾಗೆಂದರೆ ಇದ್ದ ಊರು ಬಿಟ್ಟು ಇಲ್ಲಿಗೆ ಬಂದು ಕೊರಗುತ್ತಿದ್ದಾಳೆ ಎಂದುಕೊಳ್ಳುತ್ತೀಯ ಎಂದು, ದಾರಿ ತಪ್ಪಿದೆ ಎಂದು ನಗೆಯಾಡಿದೆ. ಆಮೇಲೆ ಅವರು ಎತ್ತಿದ್ದು, ತುಂಬಿದ ಬಸ್ಸಿನಲ್ಲಿ ನಾನು ಅಭ್ಯಾಸಬಲದಿಂದ ಒಳಗ್ ಹೋಗ್ರೀ, ನಡುವೆ ಜಾಗ ಇದೆ ಎಂದು ನಮ್ಮ ಭಾಷೆಯಲ್ಲೇ ಕೂಗಿದ್ದು. ಒಬ್ಬರಿಗೂ ಅರ್ಥವಾಗದಿದ್ದರೂ ಎಲ್ಲರೂ ಒಳಗೆ ಹೋದರಲ್ಲ, ಅದು. ಅದನ್ನು ನೀನು ಮೂರು ಸಲ ಹೇಳಿಸಿ ನಕ್ಕಿದ್ದೆ. ಅಧಿಕಾರಿಗೆ ನೀನು ಹೇಳಿದ್ದು ಬೇರೆ: ಅಮ್ಮನಿಗೆ ತಾನು ನಿವೃತ್ತಿಯಾದದ್ದೇ ನೆನಪಿಲ್ಲ, ಇನ್ನೂ ಡ್ಯೂಟಿಯಲ್ಲಿದ್ದೇನೆ ಎಂದುಕೊಂಡಿದ್ದಾಳೆ, ಕೈಗೆ ದುಡ್ಡು ಕೊಡಬೇಡಿ, ಮಗಳಾದ ನಾನೇ ಅವಳ ಪೋಷಕಿ, ಪಿಂಚಣಿ ನನ್ನ ಖಾತೆಗೆ ಹಾಕಿ.

ಅರವತ್ತಕ್ಕೆ ಅರಳು ಮರಳು ಎಂದು ಊರಿನವರು ಅಂದಿದ್ದರೆ ಉಗಿದು ಮುಂದೆ ಹೋಗುತ್ತಿದ್ದೆ. ನೀನು ಅಂದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳುವುದು? ಟಿಕೆಟ್ ತಗೊಳ್ಳದ ಕಳ್ಳರನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳು ನಾನು. ಹೊಟ್ಟೆಯಲ್ಲಿ ಹುಟ್ಟಿದವಳ ಮುಖ ಓದಲು ಬರಲಿಲ್ಲ. ನಗುತ್ತಿದ್ದೀಯ ಎಂದುಕೊಂಡಿದ್ದೆ, ನೀನು ಸಾಕ್ಷಿ ಜೋಡಿಸಿಡುತ್ತಿದ್ದೆ.

ಇಷ್ಟು ಹೇಳಿ ಅಧಿಕಾರಿ ಗುಳಿಗೆಯನ್ನು ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ಹೊರಳಿಸಿ, ಕೊನೇ ಪ್ರಶ್ನೆ ಅಮ್ಮಾ, ನಿಮಗೆ ಮಕ್ಕಳೆಷ್ಟು ಅಂದರು.

ಇಲ್ಲ, ಅಂದೆ.

ಯೋಚಿಸಿ ಹೇಳಿದ್ದಲ್ಲ. ಅದು ಹಾಗೆ ಬಂತು. ಅವರು ನನ್ನ ಮುಖವನ್ನೇ ನೋಡಿದರು, ನಿಧಾನವಾಗಿ ಮತ್ತೆ ಕೇಳಿದರು. ಒಬ್ಬರೂ ಇಲ್ಲ ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ. ಅವರ ಕಣ್ಣಿನಲ್ಲಿ ಕರುಣೆ ಬಂತು ನೋಡು, ಆಗ ನನಗೆ ನಾನೇನು ಮಾಡಿಕೊಂಡೆ ಎಂದು ಹೊಳೆಯಿತು. ವಾರ ಸರಿ, ಊರು ಸರಿ, ಹೆತ್ತ ಮಗಳೇ ನೆನಪಿಲ್ಲ ಎಂದು ಬರೆದುಕೊಂಡರು. ನಿನ್ನ ಅಷ್ಟೂ ಕಥೆಗಳಿಗೆ ನಾನೇ ಮುದ್ರೆ ಒತ್ತಿಕೊಟ್ಟ ಹಾಗಾಯಿತು. ಸಾರ್, ಸಿಟ್ಟಿಗೆ ಅಂದೆ ಎಂದರೆ, ಆಗಲಿ ಅಮ್ಮಾ ಆಗಲಿ ಎಂದು ನೀರು ತರಿಸಿಕೊಟ್ಟರು. ಡಾಕ್ಟರ ಸರ್ಟಿಫಿಕೇಟ್ ತಂದು ಇನ್ನೊಮ್ಮೆ ಪರೀಕ್ಷೆಗೆ ಬರಬೇಕು, ಅಲ್ಲಿಯವರೆಗೆ ಪಿಂಚಣಿ ತಡೆ. ಎರಡನೇ ಸಲವೂ ಹೀಗೇ ಆದರೆ ಪಿಂಚಣಿ ನಿನ್ನ ಖಾತೆಗೆ. ನರ್ಸಮ್ಮ ಎಷ್ಟು ತಿಂಗಳು ಇಬ್ಬರ ಬಾಡಿಗೆ ಹೊರುತ್ತಾಳೆ? ಆಮೇಲೆ ನಾನು ಗಂಟುಮೂಟೆ ಕಟ್ಟಿಕೊಂಡು ನಿನ್ನ ಬಾಗಿಲಿಗೆ ಬರಬೇಕು, ಬಂದು ನನ್ನದೇ ದುಡ್ಡಿಗೆ ನಿನ್ನ ಮುಂದೆ ಕೈ ಚಾಚಬೇಕು.

ನಿನಗೂ ಅದೇ ಬೇಕಿತ್ತಂತೆ. ನಾನು ಫೋನ್ ಎತ್ತದಿದ್ದಾಗ ನೀನು ನರ್ಸಮ್ಮನಿಗೆ ಮಾಡಿದೆಯಲ್ಲ, ಅವಳು ಒಂದು ಮಾತೂ ಬಿಡದೆ ನನಗೆ ಹೇಳಿದ್ದಾಳೆ. ಅಮ್ಮನ ಒಳ್ಳೇದಕ್ಕೇ ಮಾಡಿದ್ದು ಆಂಟೀ, ಅಲ್ಲಿ ಬಿದ್ದು ಗಿದ್ದು ಕೈಕಾಲು ಮುರ್ಕೊಂಡ್ರೆ ಯಾರು ನೋಡ್ಕೋತಾರೆ, ಕರೆದ್ರೆ ಬರಲ್ಲ, ದುಡ್ಡು ನಿಂತ್ರೆ ತಾನಾಗೇ ಬರ್ತಾಳೆ ಅಂದೆಯಂತೆ. ಒಳ್ಳೆಯದಕ್ಕೆ ಎನ್ನುವ ಮಾತನ್ನು ನಾನು ನಂಬುತ್ತಿದ್ದೆ, ನಿಜವಾಗಿ ನಂಬುತ್ತಿದ್ದೆ. ಆದರೆ ಅದೇ ಉಸಿರಿನಲ್ಲಿ, ಮಗು ನೋಡಿಕೊಳ್ಳುವ ಹೆಂಗಸನ್ನು ಹೋದ ತಿಂಗಳೇ ಬಿಡಿಸಿದೆವು, ನನ್ನ ರಜೆಯೆಲ್ಲ ಮುಗಿಯುತ್ತ ಬಂತು, ಅಮ್ಮ ಬೇಗ ಹೊರಟರೆ ಸಾಕು ಎಂದೆಯಂತಲ್ಲ. ಬಿಡಿಸಿದ್ದೇ ನನ್ನ ಪಿಂಚಣಿ ನಿಂತ ತಿಂಗಳು! ನನ್ನನ್ನು ಕೇಳದೆ, ನನಗೆ ಹೇಳದೆ, ನಾನು ಬಂದೇ ಬರುತ್ತೇನೆಂದು. ನಿನಗೆ ಬೇಕಿದ್ದದ್ದು ಅಮ್ಮನಲ್ಲ, ಸಂಬಳವಿಲ್ಲದ ಆಯಾ. ಇನ್ನೊಂದು ಕೇಳುತ್ತೇನೆ. ಬುದ್ಧಿ ಸರಿಯಿಲ್ಲದವಳ ಕೈಗೆ ದುಡ್ಡು ಕೊಡಬಾರದು, ಮಗು ಕೊಡಬಹುದು, ಅಲ್ಲವೇ?

ಬಾ ಅಮ್ಮಾ, ಕಷ್ಟ ಆಗ್ತಿದೆ, ಆರು ತಿಂಗಳು ಇದ್ದು ಹೋಗು ಎಂದು ಒಂದು ಭಾನುವಾರ ಬಾಯಿ ಬಿಟ್ಟು ಹೇಳಿದ್ದರೆ ಮಾರನೇ ದಿನ ಹೊರಡುತ್ತಿದ್ದೆ. ನಿನ್ನಪ್ಪ ಹೋದಾಗ ನೀನಿನ್ನೂ ಹಾಲು ಹಲ್ಲಿನವಳು. ಡ್ರೈವರ್ ಹಿಂದಿನ ಸೀಟಿನಲ್ಲಿ ನಿನ್ನನ್ನು ಕೂರಿಸಿಕೊಂಡು ಡ್ಯೂಟಿ ಮಾಡಿದ್ದೇನೆ, ಇನ್ಸ್‌ಪೆಕ್ಟರ್ ಹತ್ತಿದರೆ ಯಾರದೋ ಮಗು ಎಂದು ಹೇಳಿ. ಆಗಲೂ ಸುಳ್ಳು ಹೇಳಿದೆ, ನಿನಗೋಸ್ಕರ. ಈಗಲೂ ಸುಳ್ಳೇ ಹೇಳುತ್ತಿದ್ದೆ, ನಿನಗೋಸ್ಕರ. ನಿನ್ನನ್ನು ನಗಿಸಲು ನನ್ನನ್ನೇ ಪೆದ್ದಿ ಮಾಡಿಕೊಂಡೆ, ನೀನು ಅದನ್ನೇ ಹಿಡಿದು ಹುಚ್ಚಿ ಮಾಡಿದೆ. ಹೊಟ್ಟೆ ಉರಿಯುತ್ತಿದೆ ಪುಟ್ಟಿ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮೋಸ ಮಾಡಿದೆ.

ಇಲ್ಲಿಯ ಡಾಕ್ಟರು ಅರ್ಧ ದಿನ ನನ್ನನ್ನು ಕೂರಿಸಿ ಚಿತ್ರ ತೋರಿಸಿದರು, ಗಡಿಯಾರ ಬರೆಸಿದರು, ಎಲ್ಲ ಸರಿಯಿದೆ ಎಂದು ಸಹಿ ಹಾಕಿಕೊಟ್ಟರು. ಜೊತೆಗೆ ಬಿಪಿ ಏರಿದೆ, ಮನೆಯಲ್ಲೇನಾದರೂ ತೊಂದರೆಯೇ ಎಂದು ನರ್ಸಮ್ಮನ ಮೂಲಕ ಕೇಳಿದರು. ಅವಳು ಅದಕ್ಕೇನು ಉತ್ತರ ಕೊಟ್ಟಳೋ ಆ ಭಾಷೆ ನನಗೆ ಅಷ್ಟು ಬರುವುದಿಲ್ಲ. ಡಾಕ್ಟರು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ನಾಳೆ ಎರಡನೇ ಪರೀಕ್ಷೆ. ವಾರ ಕೇಳಲಿ, ಊರು ಕೇಳಲಿ, ಹೆದರಿಕೆಯಿಲ್ಲ. ಮಕ್ಕಳೆಷ್ಟು ಎಂದು ಮತ್ತೆ ಕೇಳುತ್ತಾರೆ. ಅದೊಂದು ಉತ್ತರ ಗಂಟಲಿನಿಂದ ಹೊರಡುತ್ತದೋ ಇಲ್ಲವೋ ಎಂದು ಬೆಳಗಿನಿಂದ ಕನ್ನಡಿ ಮುಂದೆ ನಿಂತು ಹೇಳಿ ನೋಡುತ್ತಿದ್ದೇನೆ. ನರ್ಸಮ್ಮ ನನ್ನನ್ನು ನೋಡಿ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಾಳೆ.

ನಾನು ಬರುವುದಿಲ್ಲ. ಆ ಹೆಂಗಸನ್ನು ಕರೆದು ಕೆಲಸಕ್ಕಿಟ್ಟುಕೋ, ಒಳ್ಳೆಯವಳು, ಮಗುವಿಗೂ ಹೊಂದಿಕೆಯಾಗಿತ್ತು. ಇನ್ನು ಭಾನುವಾರ ಫೋನ್ ಮಾಡಿದರೆ ಎತ್ತುತ್ತೇನೆ. ಆರೋಗ್ಯ ಕೇಳು, ಹೇಳುತ್ತೇನೆ. ಮಗುವಿನ ದನಿ ಕೇಳಿಸು. ನಗಿಸುವಂಥದ್ದೇನೂ ಇನ್ನು ನನ್ನ ಹತ್ತಿರ ಇರುವುದಿಲ್ಲ.

ಇಂತಿ,
ಸದ್ಯಕ್ಕಂತೂ ನಿನ್ನ
ಅಮ್ಮ

ವಿ.ಸೂ.: ಅಂಚೆಗೆ ಹಾಕದೆ ಒಂದು ದಿನ ಇಟ್ಟುಕೊಂಡಿದ್ದೆ. ಹೋಗಿ ಬಂದೆ. ಮಕ್ಕಳೆಷ್ಟು ಎಂದರು. ಒಬ್ಬಳು ಮಗಳು ಎಂದೆ, ಕಲ್ಲು ನುಂಗಿದ ಹಾಗೆ. ಸರಿ ಎಂದು ಬರೆದುಕೊಂಡರು. ಪಿಂಚಣಿ ಬಿಡಿಸಿಕೊಡುತ್ತಾರಂತೆ, ಇನ್ನು ಮುಂದೆ ನೀನು ಏನು ಹೇಳಿದರೂ ನನ್ನನ್ನು ಕೇಳದೆ ನಿಲ್ಲಿಸುವುದಿಲ್ಲವಂತೆ. ಎದ್ದು ಹೊರಡುವಾಗ, ಅಮ್ಮಾ ಫಾರಂನಲ್ಲಿ ಇನ್ನೊಂದು ಜಾಗ ಖಾಲಿ ಉಳಿದಿದೆ, ನಿಮಗೇನಾದ್ರೂ ಆದ್ರೆ ಇಲ್ಲಿಂದ ಯಾರಿಗೆ ಫೋನ್ ಮಾಡ್ಬೇಕು ಅಂದರು. ನರ್ಸಮ್ಮನ ನಂಬರ್ ಕೊಡಬೇಕೆಂದು ಬಾಯಿ ತೆಗೆದೆ. ನಿನ್ನದು ಬಂತು. ಒಂದು ಅಂಕೆಯೂ ತಡವರಿಸದೆ, ಒಂದೇ ಉಸಿರಿಗೆ. ಅವರು ಬರೆದುಕೊಂಡು, ನೋಡಿ ಎಷ್ಟು ಚೆನ್ನಾಗಿ ನೆನಪಿದೆ ಎಂದು ಈ ವರ್ಷ ಮೊದಲ ಸಲ ನಕ್ಕರು. ಅದನ್ನು ಹೊಡೆದು ಹಾಕಿ ಸಾರ್, ತಪ್ಪಿ ಹೇಳಿದೆ ಎಂದೆ. ಬೇಡ ಅಮ್ಮಾ, ತಪ್ಪಿ ಹೇಳಿದ್ರಿ ಅಂತ ಬರೆದ್ರೆ ಮತ್ತೆ ಮೊದಲಿಂದ ಪರೀಕ್ಷೆ ಮಾಡ್ಬೇಕಾಗುತ್ತೆ ಅಂದರು. ಹಾಗೇ ಬಿಟ್ಟು ಬಂದೆ.