ಸರ್ಕ್ಯೂಟ್ ಬೋರ್ಡಿಗೆ ಭತ್ತದ ಪರೀಕ್ಷೆ

ಮಾನ್ಯ ಕಸ ವಿಲೇವಾರಿ ಅಧಿಕಾರಿಗಳೇ,

ತಾವು ಮೊನ್ನೆ ನಮ್ಮೂರಿನ ಒಣಕಸದ ಶೆಡ್ಡಿಗೆ ಬಂದು, ಹಳೆಯ ಸರ್ಕ್ಯೂಟ್ ಬೋರ್ಡುಗಳಿಗೆ ಭತ್ತದ ಪರೀಕ್ಷೆ ನಡೆಸಿ, ಅಷ್ಟನ್ನೂ ‘ಕಳಪೆ’ ಎಂದು ಬರೆಸಿದಿರಿ. ಬರುವ ಸೋಮವಾರ ಬೋರ್ಡುಗಳು ಕಸದ ಗುಂಡಿಗೆ, ಖಾಲಿಯಾದ ಶೆಡ್ಡು ತಮ್ಮ ಜೀಪು ನಿಲ್ಲಿಸಲಿಕ್ಕೆ ಎಂದು ಆದೇಶ. ಅವನ್ನು ಆರಿಸಿ ಬದುಕುವ ಕಾಸೀಮಬೀ ಮತ್ತು ಆಕೆಯ ಸಂಘದ ಹೆಂಗಸರು ಎಲ್ಲಿಗೆ? ಆದೇಶದಲ್ಲಿ ಅದಿಲ್ಲ.

ತಾವು ಹಿಂದೆ ಭತ್ತ ಖರೀದಿಯಲ್ಲಿದ್ದವರು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಹಿಡಿ ಕಾಳು ತೆಗೆದು, ಇಡೀ ಲಾರಿಯ ಗುಣ ಹೇಳುವುದು ಈ ಭಾಗದ ಪದ್ಧತಿ, ನಾನೂ ಮೆಚ್ಚುತ್ತೇನೆ. ಆದರೆ ಅದೇ ಕೊಳವೆಯನ್ನು ಬೋರ್ಡಿನ ಚೀಲಕ್ಕೂ ಚುಚ್ಚಬೇಕೆ? ಸಿಕ್ಕಿಕೊಂಡಿತು. ತಮ್ಮ ಡ್ರೈವರ್ ಯಂಕೇಶ ಚೀಲಕ್ಕೆ ಕಾಲು ಕೊಟ್ಟು ಜಗ್ಗಿ, ಕೊಳವೆ ಸಮೇತ ಹಿಂದಕ್ಕೆ ಬಿದ್ದ. ಆಮೇಲೆ ತಾವೇ ಕೈ ಹಾಕಿ ಒಂದನ್ನು ಎಳೆದಿರಿ: ಹಳೆಯ ಟೀವಿಯ ಕಂದು ಬೋರ್ಡು.

“ಸಾಹೇಬ್ರ, ಅದು ಕಡೀ ದರ್ಜೆ ಚೀಲರಿ. ಮೊಬೈಲಿಂದು ಬಾಜೂಕ ಐತಿ, ಕಂಪ್ಯೂಟರಿಂದು ಅದರ ಹಿಂದ. ಅವನ್ನೂ ಬಿಚ್ಚಿ ನೋಡ್ರಿ,” ಎಂದಳು ಕಾಸೀಮಬೀ.

“ಭಾಳ ಚೀಲ ನೋಡೇನಿ. ಒಂದು ನೋಡಿದ್ರ ಸಾಕು,” ಎಂದಿರಿ.

“ಹಂಗಾರ ಯಂಕೇಶನ್ನ ನೋಡಿ, ಇಡೀ ಆಫೀಸ್ ಬಿದ್ದೈತಿ ಅಂತ ಬರ್ಕೊಳ್ಳೇನ್ರಿ?”

ಆಕೆಯ ಈ ಮಾತಿಗೆ ನಾನು ನಕ್ಕದ್ದು ನಿಜ, ಕ್ಷಮೆ ಇರಲಿ. ‘ಸ್ಯಾಂಪಲ್ ಶುಡ್ ರೆಪ್ರೆಸೆಂಟ್ ದಿ ಹೋಲ್’, ಅಂದರೆ ಮಾದರಿಯು ಇಡೀ ರಾಶಿಯನ್ನು ಪ್ರತಿನಿಧಿಸಬೇಕು ಎಂದು ಕಾಲೇಜಿನಲ್ಲಿ ಓದಿದ ನೆನಪು. ಅದರ ಮುಂದೆಯೂ ಏನೋ ಇತ್ತು, ಹೋಗಲಿ. ಟೀವಿ ರಿಪೇರಿಯಲ್ಲಿ ಕೂದಲು ನರೆಸಿಕೊಂಡವನು ಹೇಳುತ್ತೇನೆ: ಮೊಬೈಲ್ ಬೋರ್ಡಿನಲ್ಲಿ ಚಿನ್ನದ ಲೇಪವಿದೆ. ಕಾರಟಗಿಯ ಮಿಲ್ಲುಗಳಿಂದ ಬಂದ, ಅಕ್ಕಿ ಆರಿಸುವ ಯಂತ್ರದ ಬೋರ್ಡಿಗೂ ಬೆಲೆಯಿದೆ. ಟೀವಿಯದು ಅಷ್ಟಕ್ಕಷ್ಟೆ. ಇವನ್ನು ಬೇರೆ ಮಾಡುವುದೇ ಆ ಹೆಂಗಸರ ದುಡಿಮೆ. ಬೇರೆ ಮಾಡಿಟ್ಟದ್ದನ್ನು ಮತ್ತೆ ಒಂದೇ ಎನ್ನುವುದಕ್ಕೂ ಒಬ್ಬ ಅಧಿಕಾರಿ ಬೇಕೆ?

ನನ್ನ ಹೆಂಡತಿ ಶೇಖರಮ್ಮ ಇದ್ದಿದ್ದರೆ, “ಉದ್ದಕ ಎಳೀಬ್ಯಾಡ್ರಿ, ಏನ್ ಬೇಕು ಅದನ್ನ ಕೇಳ್ರಿ” ಎನ್ನುತ್ತಿದ್ದಳು. ಆಕೆ ಹೋದ ಮೇಲೆ ನಾನು ದಿನವೂ ಆ ಶೆಡ್ಡಿನಲ್ಲಿ ಕೂತು ಬೋರ್ಡು ಆರಿಸುತ್ತೇನೆ, ತಪ್ಪಿದರೆ ಕಾಸೀಮಬೀಯಿಂದ ಬೈಸಿಕೊಳ್ಳುತ್ತೇನೆ. ದಿನ ಚೆನ್ನಾಗಿ ಹೋಗುತ್ತಿದೆ.

ಆದ್ದರಿಂದ ಕೇಳುತ್ತಿದ್ದೇನೆ: ಆದೇಶ ತಡೆಹಿಡಿಯಿರಿ. ಬಂದು ಒಂದೊಂದೇ ಚೀಲ ಬಿಚ್ಚಿಸಿ, ಚೀಲಕ್ಕೊಂದು ದರ್ಜೆ ಬರೆಯಿರಿ. ಕುರ್ಚಿಯಿದೆ, ಚಹಾ ಇದೆ. ಎಲ್ಲವನ್ನೂ ನೋಡಿದ ಮೇಲೂ ಕಳಪೆ ಎನಿಸಿದರೆ, ತಮ್ಮ ಜೀಪನ್ನು ಶೆಡ್ಡಿನೊಳಕ್ಕೆ ನಾನೇ ನೂಕುತ್ತೇನೆ. ಅಲ್ಲಿಯವರೆಗೆ ಶೆಡ್ಡಿನ ಬೀಗದ ಕೈ ಕಾಸೀಮಬೀಯ ಸೊಂಟದಲ್ಲೇ ಇರುತ್ತದೆ. ಅದನ್ನು ಕೊಡು ಎನ್ನುವ ಧೈರ್ಯ ನನಗಂತೂ ಇಲ್ಲ, ತಮಗಿದ್ದರೆ ಬನ್ನಿ.

ಇಂತಿ,
ಮನೆಯಲ್ಲಿ ವಾದಕ್ಕೆ ಯಾರೂ ಸಿಗದೆ ಪತ್ರಿಕೆಯವರೆಗೆ ಬಂದ
ಗೋವಿಂದರಾಜ,
ರಿಟೈರ್ಡ್ ಟೀವಿ ರಿಪೇರಿಯವ, ಗಂಗಾವತಿ ತಾಲ್ಲೂಕು