ಬಾಗಿಲಲ್ಲಿ ಹೇಳಬೇಕಾದ ಹೆಸರು

ಫೆಬ್ರವರಿ 7, ಶನಿವಾರ

ಇಸ್ತ್ರಿ ಮುಗಿಯಿತು, ಚೀಟಿಗಳು ಮುಗಿಯಲಿಲ್ಲ. ಹೋದ ಸಲ ‘ನಾಗಿ’ ಸಂಗೀತದ ಹಾಲ್‌ನ ಬಾಗಿಲಲ್ಲಿ ಕೈಗಿಟ್ಟ ಕಟ್ಟು — ಮುಂದೆ ಬರುವ ಕಾರ್ಯಕ್ರಮಗಳೆಲ್ಲ ಅದರಲ್ಲೇ. ಪ್ರತಿ ಶನಿವಾರದ ಕೆಲಸ ಇದು. ಒಂದು ಚೀಟಿ ಎತ್ತುವುದು, ಅದರಲ್ಲಿರುವ ಬ್ಯಾಂಡ್‌ಗಳ ಹಾಡು ಫೋನಿನಲ್ಲಿ ಹುಡುಕುವುದು, ಒಂದು ಕಾಲರ್ ಇಸ್ತ್ರಿಯಾಗುವಷ್ಟರಲ್ಲಿ ಮನಸ್ಸಿಗೆ ಹಿಡಿಸದಿದ್ದರೆ ಮುಂದಿನದು.

ಇವತ್ತಿನ ಮೊದಲ ಬ್ಯಾಂಡು ಹಾಡು ಶುರು ಮಾಡುವ ಮುಂಚೆ ಸುಮಾರು ಹೊತ್ತು ಅಲೆಗಳ ಸದ್ದು ಕೇಳಿಸಿತು. ಅಲೆ ಬೇಕಿದ್ದರೆ ಸೈಕಲ್ ಹತ್ತುತ್ತೇನಪ್ಪ, ನೀಗಾತಾದಲ್ಲಿ ಸಮುದ್ರಕ್ಕೇನು ಬರ. ಎರಡನೆಯದು ಚೆನ್ನಾಗಿತ್ತು, ಡ್ರಮ್ಸ್ ಹುಡುಗ ನಗುತ್ತಾ ಬಾರಿಸುತ್ತಿದ್ದಾನೆ ಎಂದು ಬರೀ ಕಿವಿಗೇ ಗೊತ್ತಾಗುತ್ತಿತ್ತು. ಮೂರನೆಯ ಬ್ಯಾಂಡ್ ಹೆಸರು ‘ಮರೆತ ಛತ್ರಿ’. ಹುಡುಕಿದೆ, ಏನೂ ಸಿಗಲಿಲ್ಲ.

ನಾಳೆ ತಂಗಿಯ ಮಗ ಶುನ್‌ಪೇಯ ಕಾರ್ಯಕ್ರಮ. ತಂಗಿ ಫೋನ್ ಮಾಡಿ, “ನನ್ನ ಮಗನ್ನ ನೀನೇ ಹಾಳು ಮಾಡ್ತಿದೀಯ ಅಕ್ಕ” ಅಂದಳು. ನಿಜ ಉಲ್ಟಾ. ಐವತ್ತೆರಡು ವರ್ಷದ ನನಗೆ ಈ ಹುಚ್ಚು ಹಿಡಿಸಿದ್ದೇ ಅವಳ ಮಗ.

ಫೆಬ್ರವರಿ 8, ಭಾನುವಾರ, ಸಂಜೆ

ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ಬರೆಯದೆ ಮಲಗಲಾರೆ.

ಬಾಗಿಲಲ್ಲಿ ‘ನಾಗಿ’ಯ ಮಾಲೀಕ ಕುಸಾಕಾ ಎಂದಿನಂತೆ ಕೇಳಿದ, “ಇವತ್ತು ಯಾರಿಗೋಸ್ಕರ ಬಂದ್ರಿ?” ಎಂದಿನಂತೆ “ತುಕ್ಕು ಮೋಟಾರು” ಅಂದೆ. ಅದು ಶುನ್‌ಪೇಯ ಬ್ಯಾಂಡು; ಹಾಳೆಯಲ್ಲಿ ಆ ಹೆಸರಿನ ಕೆಳಗೆ ಕುಸಾಕಾ ಒಂದು ಗೆರೆ ಎಳೆದ. ಬಂದವರು ಯಾರ ಹೆಸರು ಹೇಳಿದರೆ ಅವರಿಗೆ ಆ ಗೆರೆ. ಗೆರೆ ಬೀಳದ ಬ್ಯಾಂಡನ್ನು ಎರಡು ಮೂರು ಸಲ ನೋಡಿ ಆಮೇಲೆ ಕರೆಯುವುದಿಲ್ಲ. ಅದಕ್ಕೇ ಇಲ್ಲಿ ಅಮ್ಮಂದಿರು, ಅತ್ತೆಯರು, ಜೊತೆಗೆ ಕೆಲಸ ಮಾಡುವವರು ಎಲ್ಲ ಬಂದು ತಮ್ಮವರ ಹೆಸರು ಹೇಳಿ ಹೋಗುವುದು. ಬಂಧುತ್ವದ ತೆರಿಗೆ.

ಮೊದಲು ಹತ್ತಿದವರು ‘ಮರೆತ ಛತ್ರಿ’. ಮೊದಲ ಬ್ಯಾಂಡನ್ನು ಯಾರೂ ಕೇಳುವುದಿಲ್ಲ, ಎಲ್ಲರೂ ಹಿಂದಿನ ಗೋಡೆಗೆ ಅಂಟಿ ಕೈಕಟ್ಟಿ ನಿಂತಿರುತ್ತಾರೆ. ನಾನೂ ನಿಂತಿದ್ದೆ. ಮೂರೇ ಜನ. ನಡುವಿನ ಹುಡುಗಿಗೆ ಮುಖದ ತುಂಬ ಕೂದಲು, ಕಣ್ಣು ಮುಚ್ಚಿಯೇ ಹಾಡುತ್ತಾಳೆ. ಗಿಟಾರ್ ಕಿರುಚುತ್ತದೆ, ಅವಳು ಮಾತ್ರ ಪಕ್ಕದ ಸೀಟಿನವರಿಗೆ ಹೇಳಿದ ಹಾಗೆ ಮೆಲ್ಲಗೆ... ಎರಡನೆಯ ಹಾಡಿನಲ್ಲಿ ಡ್ರಮ್ಸ್ ಬರಲೇ ಇಲ್ಲ. ಕಾದೆ. ಬರಲಿಲ್ಲ. ಇನ್ನೇನು ಬರುವುದಿಲ್ಲ ಎಂದುಕೊಂಡಾಗ ಬಂತು ನೋಡು — ಕೈಯಲ್ಲಿದ್ದ ಲೋಟದ ನೀರು ನಡುಗಿತು, ನಾನೂ ನಡುಗಿದೆ.

“ಬಸ್ಸು ಹೋಯಿತು, ನಿಲ್ದಾಣ ಹೋಗಲಿಲ್ಲ, ಹಿಮ ಬೀಳುತ್ತಿದೆ, ನಾನಿದ್ದೇನೆ.” ಇಷ್ಟೇ ಮಾತು. ಅದನ್ನೇ ಮತ್ತೆ ಮತ್ತೆ ಹಾಡಿದಳು, ಒಂದೊಂದು ಸಲವೂ ಬೇರೆ ಅರ್ಥ ಬರುವ ಹಾಗೆ. ನನಗೆ ಅಳು ಬಂತು. ಬರೆಯುವುದಕ್ಕೇನು ನಾಚಿಕೆ, ಬಂತು.

ಶುನ್‌ಪೇಯವರೂ ಚೆನ್ನಾಗಿ ಬಾರಿಸಿದರು. ಪಾಪ.

ಫೆಬ್ರವರಿ 12, ಗುರುವಾರ

ಕರ್ರಿ ದಿನ. ಇಡೀ ವಾರ್ಡಿನ ಶಾಲೆಗಳಿಗೆ ನಮ್ಮ ಅಡುಗೆಮನೆಯಿಂದಲೇ ಊಟ. ಹುಟ್ಟು ಹಾಕಿ ದೋಣಿ ನಡೆಸಿದ ಹಾಗೆ ಕಡಾಯಿ ತಿರುಗಿಸುತ್ತಾ ಗುನುಗುತ್ತಿದ್ದೆನಂತೆ. ನನಗೇ ಗೊತ್ತಿಲ್ಲ.

ನೆಮೊತೊ ಅಕ್ಕ — ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಬಾಯಿಯೂ ಹಿರಿದು — ಈರುಳ್ಳಿ ಹೆಚ್ಚುತ್ತಲೇ ನನ್ನ ಹೆಸರು ಹಿಡಿದು ಕೇಳಿದಳು, “ಏನೇ ಕಾಯೋ, ಬೆಳಗ್ಗಿಂದ ಅದೇ ಬಸ್ಸು ಅದೇ ನಿಲ್ದಾಣ. ಹತ್ತಿ ಹೋಗ್ಬಾರ್ದಾ?”

ಊಟದ ಹೊತ್ತಿನಲ್ಲಿ ಕೇಳಿಸಿದೆ. ಕೊನೆಗೂ ಫೋನಿನಲ್ಲಿ ಆ ಹಾಡಿನ ಒಂದು ತುಣುಕು ಸಿಕ್ಕಿತ್ತು, ಯಾರೋ ಕಾರಿನೊಳಗೆ ರೆಕಾರ್ಡ್ ಮಾಡಿದ್ದು, ಅರ್ಧ ಹಾಡು. ಇವರಿಗೆ ಇದನ್ನು ಹಾಕುವುದು ಕೋಣನ ಮುಂದೆ ಕಿನ್ನರಿ ಎಂದುಕೊಂಡಿದ್ದೆ. ನೆಮೊತೊ ಅಕ್ಕ ಚಾಪ್‌ಸ್ಟಿಕ್ ಕೆಳಗಿಟ್ಟಳು. ಮುಗಿದ ಮೇಲೆ, “ಇಷ್ಟೇನಾ? ಮಿಕ್ಕಿದ್ದೆಲ್ಲಿ?” ಅಂದಳು. ಕೋಣ ನಾನೇ.

ಫೆಬ್ರವರಿ 22, ಭಾನುವಾರ

ಮಾರ್ಚ್ ಹದಿನೈದರ ಟಿಕೆಟ್‌ಗೆಂದು ಮಧ್ಯಾಹ್ನ ‘ನಾಗಿ’ಗೆ ಹೋಗಿದ್ದೆ. ‘ಮರೆತ ಛತ್ರಿ’ ಮೊದಲು, ‘ತುಕ್ಕು ಮೋಟಾರು’ ನಂತರ, ಇನ್ನೂ ಎರಡು ಬ್ಯಾಂಡ್. ಕುಸಾಕಾ ಏಣಿಯ ಮೇಲೆ ನಿಂತು ದೀಪ ಬದಲಿಸುತ್ತಿದ್ದ.

“ಛತ್ರಿ ಹುಡುಗಿ ಕಣೋ, ಅಬ್ಬಾ!” ಅಂದೆ.

“ಗೊತ್ತು. ನಂಗೂ ಇಷ್ಟ. ಆದ್ರೆ ನನ್ ಇಷ್ಟ ಕಟ್ಕೊಂಡು ಏನ್ ಮಾಡ್ಲಿ? ಹೋದ ಸಲ ಅವ್ರ ಹೆಸ್ರು ಒಬ್ರೂ ಹೇಳ್ಲಿಲ್ಲ. ಅದಕ್ ಮುಂಚೇನೂ ಅಷ್ಟೆ. ನೀವೂ ಹೇಳ್ಲಿಲ್ವಲ್ಲ ಅಕ್ಕಾ?”

ಏಣಿಯ ಕಾಲು ಹಿಡಿದು ನಿಂತೆ.

“ಹದಿನೈದಕ್ಕೂ ಹಂಗೇ ಆದ್ರೆ ಮತ್ತೆ ಕರಿಯಲ್ಲ. ಹೇಳ್ಬಿಟ್ಟಿದೀನಿ. ನಾನೇನ್ ಧರ್ಮಛತ್ರ ಇಟ್ಟಿದೀನಾ?”

ಅಷ್ಟರಲ್ಲಿ ಅವಳೇ ಬಂದಳು, ಚೀಟಿ ಕೊಡಲು. ಓತೊವಾ ಅಂತ ಹೆಸರು. ಪೆಟ್ರೋಲ್ ಬಂಕಿನ ಸಮವಸ್ತ್ರ, ಬೆನ್ನಿಗೆ ನೀಲಿ ಟೇಪು ಸುತ್ತಿದ ಗಿಟಾರ್ ಪೆಟ್ಟಿಗೆ. “ನಿಮ್ಮ ಬಸ್ ನಿಲ್ದಾಣದ ಹಾಡು...” ಎಂದು ಶುರು ಮಾಡಿದೆ. ಯಾರಿಗೆ ಹೇಳುತ್ತಿದ್ದೇನೆ ಎಂದು ಹಿಂದೆ ತಿರುಗಿ ನೋಡಿದಳು!

“ನಿಮ್ಗೇ ಹೇಳ್ತಿರೋದು ಮಗು.”

ಕಿವಿವರೆಗೂ ಕೆಂಪಾದಳು. “ಥ್ಯಾಂಕ್ಸ್... ಆದ್ರೆ ಹದಿನೈದೇ ಕೊನೇದು ಅನ್ಸುತ್ತೆ. ಕುಸಾಕಾ ಸರ್ ಕರೀದಿದ್ರೆ ಇನ್ಯಾರು ಕರೀತಾರೆ. ಗಿಟಾರ್ ಮಾರ್ಬಿಡ್ತೀನಿ. ಯಾರೂ ಕೇಳ್ದೇ ಇರೋದನ್ನ ಹಾಡ್ತಾ ಇದ್ರೆ ಅದು ಹಾಡಲ್ಲ ಅಲ್ವಾ, ಒಬ್ಳೇ ಮಾತಾಡ್ಕೊಂಡ ಹಂಗೆ.”

ಅಲ್ಲ ಅನ್ನಬೇಕಿತ್ತು. ಸೈಕಲ್ ತುಳಿಯುತ್ತಾ ದಾರಿಯುದ್ದಕ್ಕೂ ಅವಳ ಜೊತೆ ಜಗಳವಾಡಿದೆ, ಮನಸ್ಸಿನಲ್ಲೇ.

ಮಾರ್ಚ್ 4, ಬುಧವಾರ

ಕೇಳಿಯೇಬಿಟ್ಟೆ. ಸೊಂಟದ ಮೇಲೆ ಕೈಯಿಟ್ಟು, ತೊಳೆಯುವ ಯಂತ್ರದ ಸದ್ದನ್ನು ಮೀರಿಸಿ, “ಹದಿನೈದಕ್ಕೆ ಯಾರ್ ಬರ್ತೀರಾ? ಅರ್ಧ ಹಾಡಿನ ಮಿಕ್ಕರ್ಧ ಕೇಳ್ಸ್ತೀನಿ!”

“ಅಲ್ಲಿ ಕೂತ್ಕೊಳೋಕೆ ಕುರ್ಚಿ ಇದ್ಯಾ?” — ನೆಮೊತೊ ಅಕ್ಕ.

“ಇಲ್ಲ.”

“ಟಾಯ್ಲೆಟ್?”

“ಒಂದಿದೆ.”

“ಸರಿ, ಬರ್ತೀನಿ. ಆದ್ರೆ ಸೋಮವಾರ ಬೆಳಿಗ್ಗೆ ಬೇಗ ಪಾಳಿ ಇದೆ. ಆ ಹುಡುಗಿ ಹಾಡಿದ್ ತಕ್ಷಣ ಟ್ರೈನ್ ಹಿಡೀತೀನಿ.”

ಅವಳು ಹ್ಞೂಂ ಅಂದ ಮೇಲೆ ಉಳಿದವರೂ ಹ್ಞೂಂ ಅಂದರು. ಹೆಚ್ಚು ಕಡಿಮೆ ಇಡೀ ಅಡುಗೆಮನೆ. ಮೊದಲ ಬ್ಯಾಂಡ್ ಮುಗಿಯುತ್ತಲೇ ಹೊರಟುಹೋಗುವುದು ಆ ಜಾಗದಲ್ಲಿ ಭಾರೀ ಅಪಚಾರ. ಆದರೆ ಅದನ್ನು ಹೇಳಿದರೆ ಯಾರೂ ಬರುವುದಿಲ್ಲ. ಹೇಳಲಿಲ್ಲ.

ಮಾರ್ಚ್ 15, ಭಾನುವಾರ, ಸಂಜೆ

ತಲೆ ಚಚ್ಚಿಕೊಳ್ಳಬೇಕು. ಮೊದಲಿಂದ ಬರೆಯುತ್ತೇನೆ.

ನಾಲ್ಕಕ್ಕೆ ಬಾಗಿಲು ತೆರೆಯಿತು. ನಮ್ಮ ಅಡುಗೆಮನೆಯವರು ಮದುವೆಗೆ ಹೊರಟ ಹಾಗೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಸಾಲಾಗಿ ನಿಂತಿದ್ದರು. ನಾನು ತೀರಾ ಹಿಂದೆ, ದಾರಿ ತಪ್ಪಿದ ಇಬ್ಬರನ್ನು ಕರೆತರಲು ಹೋಗಿದ್ದವಳು. ಬಾಗಿಲ ಪಕ್ಕದಲ್ಲಿ ಬೇರೆ ಬ್ಯಾಂಡ್‌ಗಳ ಹುಡುಗರೆಲ್ಲ ನಿಂತು, ಬಂದವರಿಗೆಲ್ಲ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದರು. ಶುನ್‌ಪೇಯೂ ಇದ್ದ. ಕುಸಾಕಾ ಕೇಳಿದ, “ಇವತ್ತು ಯಾರಿಗೋಸ್ಕರ ಬಂದ್ರಿ?”

ನೆಮೊತೊ ಅಕ್ಕ ಆ ಹುಡುಗರ ಮುಖ ನೋಡಿದಳು. ಒಬ್ಬರ ಹೆಸರು ಹೇಳಿದರೆ ಉಳಿದವರಿಗೆ ಏನನ್ನಿಸೀತು! ಹಲ್ಲು ಕಿರಿದು, “ಅಯ್ಯೋ, ಇಂಥವ್ರು ಅಂತ ಏನಿಲ್ಲ. ಎಲ್ರನ್ನೂ ನೋಡೋಕೆ!” ಅಂದಳು.

ಅವಳ ಹಿಂದಿನವಳು, “ನಾನೂ ಅದೇ.” ಅವಳ ಹಿಂದಿನವಳೂ, “ನಾನೂ ಅದೇ.” ಹೋಟೆಲಿನಲ್ಲಿ ಮೊದಲನೆಯವಳು ಉದೊನ್ ನೂಡಲ್ಸ್ ಅಂದರೆ ಎಲ್ಲರೂ ಉದೊನ್ ತಿನ್ನುವ ಮಂದಿ ಇವರು! ನನಗೆ ಕೇಳಿಸುವ ಹೊತ್ತಿಗೆ ಎಲ್ಲರೂ ಒಳಗೆ. ಎಲ್ಲ ಗೆರೆಗಳೂ ‘ಇಂಥವರೆಂದಿಲ್ಲ’ ಎಂಬ ಸಾಲಿನಲ್ಲಿ. ಬಾಗಿಲಲ್ಲಿ ಹೀಗೆ ಕೇಳುತ್ತಾರೆ, ಹೆಸರು ಹೇಳಬೇಕು ಎಂದು ನಾನು ಮೊದಲೇ ಹೇಳಿರಲಿಲ್ಲ. ನನಗೆ ಅದು ಉಸಿರಾಟದಷ್ಟು ಅಭ್ಯಾಸ, ಹೊಳೆಯಲೇ ಇಲ್ಲ. ಮಾತು ಮನೆ ಕೆಡಿಸಿತು ಅನ್ನುತ್ತಾರೆ, ಇಲ್ಲಿ ಒಳ್ಳೆಯ ಮಾತೇ ಕೆಡಿಸಿತು.

ನನ್ನ ಸರದಿ. ಶುನ್‌ಪೇ ನನ್ನನ್ನೇ ನೋಡುತ್ತಿದ್ದ.

“ಮರೆತ ಛತ್ರಿ” ಅಂದೆ. ಅವನು ನೆಲ ನೋಡಿದ.

“ಕುಸಾಕಾ, ಅವ್ರೆಲ್ಲ ಬಂದಿದ್ದೂ ಅದಕ್ಕೇ ಕಣೋ!”

“ಅಕ್ಕಾ, ಅವ್ರ ಬಾಯಲ್ಲಿ ಬಂದಿದ್ದನ್ನ ನಾನು ಬರ್ಕೊಳೋದು. ಬೇರೆಯವ್ರ ಪರವಾಗಿ ಹೇಳೋ ಹಾಗಿಲ್ಲ. ಹಂಗ್ ಬಿಟ್ರೆ ನಾಳೆ ಪ್ರತಿಯೊಬ್ರ ಅಮ್ಮನೂ ಇಡೀ ಬೀದಿ ಪರವಾಗಿ ಹೇಳ್ತಾಳೆ.”

ಓತೊವಾ ಹಾಡಿದಳು. ಹೋದ ಸಲಕ್ಕಿಂತ... ಹೋಲಿಕೆಯೇ ಇಲ್ಲ. ಕೊನೆಯದು ಎಂದುಕೊಂಡು ಹಾಡುವವರಿಗೆ ಉಳಿಸಿಕೊಳ್ಳಲು ಏನಿರುತ್ತದೆ! ನಮ್ಮವರಿಗೆ ಹಿಂದಿನ ಗೋಡೆಗೆ ಅಂಟಬೇಕೆಂಬ ಪದ್ಧತಿ ಗೊತ್ತಿಲ್ಲ, ಸೀದಾ ಮುಂದೆ ಹೋಗಿ ನಿಂತರು. ಡ್ರಮ್ಸ್ ಬಂದಾಗ ನೆಮೊತೊ ಅಕ್ಕ “ಹಾ!” ಎಂದು ಕೂಗಿದ್ದು ನನಗೂ ಕೇಳಿಸಿತು. ಇಷ್ಟು ಒಳ್ಳೆಯ ಸಂಗೀತ ಈ ಊರಿನಲ್ಲಿ, ಮೀನುಗಾಳದ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ, ಪೆಟ್ರೋಲ್ ಹಾಕುವ ಹುಡುಗಿಯ ಗಂಟಲಲ್ಲಿ ಇತ್ತು. ನನ್ನ ಪುಣ್ಯ, ಕೇಳಿದೆ.

ಓತೊವಾ ವೇದಿಕೆ ಇಳಿದವಳೇ ಬಾಗಿಲ ಮೇಜಿನ ಹತ್ತಿರ ಹೋಗಿ ಹಾಳೆ ನೋಡಿದಳು. ಒಂದೇ ಗೆರೆ. ಕುಸಾಕಾನಿಗೆ ತಲೆ ಬಾಗಿಸಿ, ಗಿಟಾರ್ ಹೊತ್ತು ಮೆಟ್ಟಿಲು ಹತ್ತಿಬಿಟ್ಟಳು. ಜನ ಸರಿಸಿ ನಾನು ಹೋಗುವಷ್ಟರಲ್ಲಿ ಕಾಣೆ.

ಹಿಂದೆಯೇ ನಮ್ಮವರು. ಕೋಟು ಹಾಕಿಕೊಂಡು, “ಕ್ಷಮಿಸಿ, ಕ್ಷಮಿಸಿ” ಅನ್ನುತ್ತಾ ಎಲ್ಲರೂ ಒಟ್ಟಿಗೆ ಹೊರಟರು. ಹಾಲ್ ಖಾಲಿ. ಕುಸಾಕಾ ಪೆನ್ನು ಹಿಡಿದುಕೊಂಡೇ ಅವರು ಮೆಟ್ಟಿಲು ಹತ್ತುವುದನ್ನು ನೋಡುತ್ತಿದ್ದ, ಕೊನೆಯವಳು ಮರೆಯಾಗುವವರೆಗೂ.

“ಮೊದಲ್ನೇ ಬ್ಯಾಂಡ್ ಮುಗೀತಿದ್ದಂಗೆ ಎಲ್ರೂ ಹೊರಟ್ ಹೋದ್ರು” ಅಂದ. “ಇಷ್ಟು ವರ್ಷದಲ್ಲಿ ಇಂಥಾ ಅಮರ್ಯಾದೆ ನೋಡಿಲ್ಲ ಅಕ್ಕಾ.” ಆಮೇಲೆ ನಗತೊಡಗಿದ. “ಬಾಗ್ಲಲ್ಲಿ ಎಲ್ರಿಗೋಸ್ಕರ ಅಂದ್ರು. ಎಲ್ರಿಗೋಸ್ಕರ ಬಂದವ್ರು ಹಿಂಗ್ ಹೋಗ್ತಾರಾ?” ಆ ಗೆರೆಗಳನ್ನೆಲ್ಲ ಹೊಡೆದು ಹಾಕಿ ‘ಮರೆತ ಛತ್ರಿ’ಯ ಕೆಳಗೆ ಹೊಸದಾಗಿ ಎಳೆದ. “ಏಪ್ರಿಲ್ ಇಪ್ಪತ್ತಾರು ಖಾಲಿ ಇದೆ. ಆ ಹುಡುಗೀಗೆ ಕೊಡ್ತೀನಿ.”

ಫೋನ್ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಆಫ್. ಈಗ, ಇದನ್ನು ಬರೆಯುವವರೆಗೂ ಆಫ್.

ಶುನ್‌ಪೇಯವರು ಬಾರಿಸುವಾಗ ಮುಂದೆ ನಿಂತವಳು ನಾನೊಬ್ಬಳೇ. ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ಮುಗಿದ ಮೇಲೆ ತಂತಿ ಒರೆಸುತ್ತಾ, “ಬೇಜಾರಾಯ್ತು ದೊಡ್ಡಮ್ಮ” ಅಂದ. “ಪಕ್ಕದಲ್ಲಿ ನಿಂತು ಕೇಳ್ದೆ ಅವ್ಳನ್ನ. ಥೂ, ಎಷ್ಟ್ ಚೆನ್ನಾಗ್ ಹಾಡ್ತಾಳೆ! ಅದ್ಕೂ ಬೇಜಾರಾಯ್ತು.” ನನ್ನ ಕೂಸು.

ಆ ಹುಡುಗಿ ಈಗ ಎಲ್ಲಿದ್ದಾಳೋ. ಹಳೆ ಗಿಟಾರ್ ಕೊಳ್ಳುವ ಅಂಗಡಿ ಭಾನುವಾರವೂ ತೆರೆದಿರುತ್ತದೆ.

ಮಾರ್ಚ್ 16, ಸೋಮವಾರ, ಮಧ್ಯಾಹ್ನ

ಊಟದ ಬಿಡುವು. ಪಕ್ಕದಲ್ಲಿ ಎಲ್ಲರೂ ಇದ್ದಾರೆ, ಬೇಗ ಬರೆಯಬೇಕು.

ಬೆಳಿಗ್ಗೆ ನೆಮೊತೊ ಅಕ್ಕ ಈರುಳ್ಳಿ ಮುಂದೆ ಕೂತವಳೇ ಶುರು ಮಾಡಿದಳು. “ನಿನ್ನೆ ಪ್ಲಾಟ್‌ಫಾರ್ಮಲ್ಲಿ ನಾವೆಲ್ಲ ಆ ಬಸ್ಸಿನ ಹಾಡು ಹೇಳ್ಕೊಂಡ್ ನಿಂತಿದ್ವಾ, ಪಕ್ಕದಲ್ಲೊಂದು ಹುಡುಗಿ. ಟೋಪಿ, ಮಾಸ್ಕು, ಬೆನ್ನಲ್ಲಿ ಗಿಟಾರು. ನಮ್ಮನ್ನೇ ನೋಡ್ತಿತ್ತು. ನಾನೇ ಮಾತಾಡಿಸ್ದೆ. ‘ಮಗು, ನೀನೂ ಬಾರಿಸ್ತೀಯಾ?’ ‘ಸ್ವಲ್ಪ’ ಅಂತು. ನಾನಂದೆ, ‘ಇವತ್ತೊಬ್ಳು ಹಾಡಿದ್ಲು ನೋಡು, ನೀನ್ ಕೇಳ್ಬೇಕಿತ್ತು. ನನ್ಗೀ ವಯಸ್ಸಲ್ಲಿ ಮೈ ಜುಂ ಅಂತು. ಕಲಿಯೋದಾದ್ರೆ ಅವ್ಳ ಹತ್ರ ಕಲಿ!’”

ನಾನು ಸೌಟು ಕೆಳಗಿಟ್ಟೆ.

“ಆಮೇಲೆ?”

“ಆಮೇಲೇನು, ಅದರ ಕಣ್ಣಲ್ಲಿ ಬಳಬಳ ನೀರು. ಗಾಳೀಲಿ ಹೂವಿನ ಪುಡಿ ಹಾರೋ ಕಾಲ ಅಲ್ವಾ, ಪಾಪ, ಅಲರ್ಜಿ. ಟಿಶ್ಯೂ ಕೊಟ್ಟೆ. ‘ಹಾಡು ಎಲ್ಲೋ ತಪ್ಪಾಯ್ತು ನಿಮ್ದು’ ಅಂತು! ‘ಹಿಮ ಅನ್ನೋವಾಗ ಮೇಲಕ್ಕೆ ಹೋಗ್ಬೇಕು’ ಅಂತ ಹೇಳ್ಕೊಟ್ತು. ಟ್ರೈನ್ ಬರೋವರ್ಗೂ ನಮ್ಗೆಲ್ಲ ಹೇಳ್ಕೊಡ್ತು. ಒಳ್ಳೇ ಹುಡುಗಿ.”

“ಗಿಟಾರ್ ಪೆಟ್ಟಿಗೆ ಮೇಲೆ ನೀಲಿ ಟೇಪ್ ಇತ್ತಾ?”

“ಇತ್ತಪ್ಪ. ನಿಂಗ್ ಹೇಗ್ ಗೊತ್ತು?”

ಅಷ್ಟರಲ್ಲಿ ಕುಸಾಕಾನ ಸಂದೇಶ. ಬೆಳಿಗ್ಗೆ ಅವನು ಇಪ್ಪತ್ತಾರರ ವಿಷಯ ಹೇಳುವ ಮೊದಲೇ ಓತೊವಾ ಫೋನ್ ಮಾಡಿದ್ದಳಂತೆ. ಗೆರೆ ಬೀಳಲಿ ಬಿಡಲಿ, ಯಾವ ಬ್ಯಾಂಡಾದರೂ ತಪ್ಪಿಸಿಕೊಂಡ ದಿನ ಕರೆಯಿರಿ, ಹಾಡುತ್ತೇನೆ ಅಂದಳಂತೆ.

ನೆಮೊತೊ ಅಕ್ಕ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಾಳೆ. “ಏನ್ ಬರೀತಿದೀಯೇ, ಅಳ್ಕೊಂಡು? ಈರುಳ್ಳಿ ಹೆಚ್ಚಿದ್ದು ನಾನು.” ಹೇಳಿಬಿಡುತ್ತೇನೆ. ಕೂಗಾಡಿ ಇಡೀ ಅಡುಗೆಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಾಳೆ, ಹೊರಲಿ. ಅಕ್ಕಾ, ನೀನು ನಿನ್ನೆ ಮಾತಾಡಿಸಿದ್ದು —