ಹೇಂಟೆಗೆ ಬಂದ ಸಿಟ್ಟು

ಲಾಸ್ ಏಂಜಲೀಸ್
ಮಾರ್ಚ್ ೧೯೩೬

ಲಿಬ್ಬಿ ಅಕ್ಕಾ,

ನಿನ್ನ ಪುಣ್ಯ, ನನ್ನ ಕೆಲಸ ಉಳಿಯಿತು. ಇಲ್ಲಿ ಕಾರ್ಟೂನ್ ಸಿನಿಮಾಕ್ಕೆ ಚಿತ್ರ ಬರೆಯುವ ಎಲ್ಲರ ಮೇಜಿನ ಮೇಲೂ ಒಂದು ಕನ್ನಡಿ. ಅದರ ಮುಂದೆ ಮುಖ ಸೊಟ್ಟ ಮಾಡಿಕೊಂಡು, ಅದನ್ನೇ ನೋಡಿ ಬರೆಯಬೇಕು. ನನ್ನ ಪಾಲಿಗೆ ಬಂದದ್ದು ಸಿಟ್ಟಿನ ಹೇಂಟೆ. ವಾರವಿಡೀ ಹಲ್ಲು ಕಡಿದದ್ದೇ ಬಂತು. ಯಜಮಾನ ಹೋಲ್ಟ್ ನೋಡಿ, "ಇದು ಕೋಳಿ ಅಲ್ಲಯ್ಯ, ಕೊಕ್ಕಿರೋ ದಿಂಬು. ನಾಳೇನೂ ಇದಕ್ಕೆ ಸಿಟ್ಟು ಬರ್ಲಿಲ್ಲ ಅಂದ್ರೆ ನೀನು ವಾಪಸ್ ನಿಮ್ಮ ನೆಬ್ರಾಸ್ಕಾಕ್ಕೆ ರೈಲು ಹತ್ತು" ಅಂದರು.

ಆಗ ನೆನಪಾಯಿತು, ನಾನು ನಿನ್ನ ಹಿಟ್ಟಿನ ಡಬ್ಬದ ಮೇಲೆಲ್ಲ ಹಂದಿ ಬರೆದ ದಿನ ನೀನು ಬಾಗಿಲಲ್ಲಿ ಬಂದು ನಿಂತದ್ದು. ನಾನೂ ನಿನ್ನ ಹಾಗೇ ಗದ್ದ ಮುಂದೆ ಚಾಚಿ, ಒಂದು ಕಣ್ಣು ಕಿರಿದು ಮಾಡಿದೆ. ಕನ್ನಡಿಯಲ್ಲಿ ಸಾಕ್ಷಾತ್ ನೀನೇ. ಹೆದರಿ ಕುರ್ಚಿ ಹಿಂದಕ್ಕೆಳೆದುಕೊಂಡೆ. ಈಗ ಹೋಲ್ಟ್, "ಈ ಕೋಳೀನ ಮುಂದಿನ ಸಿನಿಮಾಕ್ಕೂ ಹಾಕೋಣ" ಅನ್ನುತ್ತಿದ್ದಾರೆ.

ಆರೋಗ್ಯ ಚೆನ್ನಾಗಿದೆ, ದವಡೆ ಮಾತ್ರ ನೋವು. ಬೇಸಿಗೆಯಲ್ಲಿ ಚಿತ್ರ ನಮ್ಮೂರಿಗೂ ಬರುತ್ತದಂತೆ. ಚರ್ಚಿನ ಹೆಂಗಸರ ಜೊತೆ ಹೋದರೆ, ದಯವಿಟ್ಟು ಕೊನೆಯವರೆಗೂ ನಗುತ್ತಾ ಕೂತಿರು. ನೀನು ಸಿಟ್ಟಾಗದಿದ್ದರೆ ಯಾರಿಗೂ ಗುರುತು ಸಿಗುವುದಿಲ್ಲ.

ಅವಸರದಲ್ಲಿ, ನಿನ್ನ ತಮ್ಮ
ವೆನ್ಸಿಲ್